ಅಂಡಾಶಯ ಪಥ್ಯಮೀಮಾಂಸೆ: ತ್ರಿಸ್ಥಳ ಉಪದೇಶಗಳ ಒಂದು ಶಾಸ್ತ್ರೀಯ ವಿಮರ್ಶೆ

ಯಾದಗಿರಿ, ಶಹಾಪುರ, ಸುರಪುರ ಎಂಬ ಈ ತ್ರಿಸ್ಥಳಗಳಲ್ಲಿ ಪಿಸಿಓಡಿಗೆ ಏನು ತಿನ್ನಬೇಕೆಂಬ ಜ್ಞಾನ ಎಷ್ಟು ಹರಡಿದೆಯೆಂದರೆ, ಅದು ಗೊತ್ತಿಲ್ಲದವಳು ಆ ತೊಂದರೆ ಇರುವ ಹುಡುಗಿಯೊಬ್ಬಳೇ. ಸದರಿ ಪ್ರಬಂಧವು ಆ ಜ್ಞಾನರಾಶಿಯನ್ನು ವಿಂಗಡಿಸುವ ನಮ್ರ ಯತ್ನ. ಆಕರಗಳು: ಕುಬಸದ ಪಂಕ್ತಿ, ಯಾದಗಿರಿ ಸ್ಟೇಷನ್ನಿನ ಬೆಂಚು, ಮತ್ತು ಯಾರೂ ಕೇಳದೆ ಬಂದ ವಾಟ್ಸಾಪ್ ಸಂದೇಶಗಳು.

ಮೊದಲಿಗೆ ಕಾಲನಿರ್ಣಯ. ‘ನಮ್ಮ ಕಾಲದಾಗ ಇದೆಲ್ಲ ಎಲ್ಲಿತ್ತವಾ’ ಎಂಬುದು ಹಿರಿಯರ ಪೂರ್ವಪಕ್ಷ. ಇದಕ್ಕೆ ಐತಿಹಾಸಿಕ ಪುಷ್ಟಿಯೂ ಇದೆ. 1841ರಲ್ಲಿ ಸುರಪುರಕ್ಕೆ ಬಂದ ಮೆಡೋಸ್ ಟೇಲರ್ ಸಾಹೇಬ ಹತ್ತು ವರ್ಷಕ್ಕೂ ಮಿಕ್ಕಿ ಇಲ್ಲಿದ್ದು, ಬಂಗಲೆ ಕಟ್ಟಿಸಿ, ಮುಂದೆ ಆತ್ಮಕಥೆಯನ್ನೂ ಬರೆದ; ಸುರಪುರದ ಹೆಣ್ಣುಮಕ್ಕಳ ಅಂಡಾಶಯದ ಬಗ್ಗೆ ಚಕಾರವೆತ್ತಲಿಲ್ಲ. ಇದಕ್ಕೆ ಉತ್ತರಪಕ್ಷ: ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು 1935ರಲ್ಲಿ ಏಳು ಹೆಂಗಸರಲ್ಲಿ ಇದನ್ನು ಕಂಡು ಬರೆದರು. ಅದಕ್ಕೂ ಮೊದಲು ನಮ್ಮಲ್ಲಿ ಸ್ಕ್ಯಾನಿನ ಅಗತ್ಯವೇ ಇರಲಿಲ್ಲ. ‘ಬಂಜಿ’ ಎಂದುಬಿಟ್ಟರೆ ತಪಾಸಣೆ, ತೀರ್ಪು ಎರಡೂ ಒಟ್ಟಿಗೇ ಮುಗಿಯುತ್ತಿದ್ದವು.

ಇನ್ನು ಪಂಥಗಳು. ವರ್ಜನಪಂಥದವರು ಅನ್ನ ಬಿಡು, ಆಲೂಗಡ್ಡಿ ಬಿಡು, ಹಾಲು ಬಿಡು, ಶೇಂಗಾ ಉಷ್ಣ, ಮೊಸರು ಥಂಡಿ ಎನ್ನುತ್ತಾ ಹೋಗಿ, ಕೊನೆಗೆ ಗಾಳಿಯೊಂದನ್ನು ಮಾತ್ರ ಸೇವನಾರ್ಹವೆಂದು ಉಳಿಸುತ್ತಾರೆ. ಕಷಾಯಪಂಥದವರಿಗೆ ಮೆಂತ್ಯೆ ನೀರೇ ಪರಬ್ರಹ್ಮ. ಲಗ್ನಪಂಥವಂತೂ ಪಥ್ಯವನ್ನೇ ಒಪ್ಪದು: ‘ಮದುವಿ ಆದ್ರ ತಾನೇ ಸರಿ ಆಗ್ತದ.’ ಮಾತ್ರೆಯ ಬದಲು ವರನನ್ನು ಬರೆದುಕೊಡುವ ಈ ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ಯಾರೂ ದಾಖಲಿಸಿಲ್ಲ.

ಶಹಾಪುರದ ಕುಬಸವೊಂದರಲ್ಲಿ ಕಂಡ ಪ್ರಯೋಗ ಇಲ್ಲಿ ಉಲ್ಲೇಖಾರ್ಹ. ದೊಡ್ಡವ್ವ ಪಿಸಿಓಡಿ ಇರುವ ಹುಡುಗಿಯೊಬ್ಬಳ ತಾಟಿನಿಂದ ಹೋಳಿಗೆ ಎತ್ತಿಕೊಂಡಳು: ‘ನಿನಗ ಬ್ಯಾಡವಾ, ಗುಳ್ಳಿ ಬೆಳಿತಾವ.’ ಬದನೆಕಾಯಿ ಪಲ್ಯ ಒಂದು ಸುತ್ತು ಬಂತು. ಅದೇ ದೊಡ್ಡವ್ವ ಹುಡುಗಿಯ ಮುಂಗೈ ಹಿಡಿದು ನೋಡಿ, ‘ಅಯ್ಯ, ಕಡ್ಡಿ ಆಗೀಯಲ್ಲ, ಒಂದರ ತಿನ್ನು’ ಎಂದು ಅದೇ ಹೋಳಿಗೆಯನ್ನು ತುಪ್ಪ ಸುರಿದು ವಾಪಸು ಹಾಕಿದಳು. ಹೋಳಿಗೆ ಒಂದೇ, ಸಿದ್ಧಾಂತ ಎರಡು. ಭಾಷ್ಯ: ಆ ಗುಳ್ಳೆಗಳು ಗಡ್ಡೆಗಳಲ್ಲ, ಅಂಡಾಣು ಹೊತ್ತು ಪೂರ್ತಿ ಬಲಿಯದೆ ನಿಂತ ಪುಟ್ಟ ಚೀಲಗಳು. ತೊಂದರೆ ಕಡ್ಡಿಯಂಥವರಿಗೂ ಬರುತ್ತದೆ. ಬಹಳಷ್ಟು ಜನರಲ್ಲಿ ಮೈ ಇನ್ಸುಲಿನ್ ಮಾತು ಕೇಳುವುದಿಲ್ಲ. ಕೇಳಲಿಲ್ಲವೆಂದು ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಳಕ್ಕೆ ಅಂಡಾಶಯ ಪುರುಷ ಹಾರ್ಮೋನು ಜಾಸ್ತಿ ಮಾಡುತ್ತದೆ. ಗದ್ದದ ಮೇಲೆ ಕೂದಲು, ಮುಂದಕ್ಕೆ ಹೋಗುವ ತಿಂಗಳು, ಎರಡಕ್ಕೂ ಮೂಲ ಅಲ್ಲಿದೆ. ದೊಡ್ಡವ್ವನಿಗೆ ಇದನ್ನು ವಿವರಿಸಲು ಸಂಶೋಧಕರಿಗೆ ಧೈರ್ಯ ಸಾಲಲಿಲ್ಲ.

ಭೌಗೋಳಿಕ ಅಂಶವನ್ನು ವಿದ್ವಾಂಸರು ಕಡೆಗಣಿಸಿದ್ದಾರೆ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಬಿಳಿಜೋಳ ಹಿಂದೆ ಸರಿದು ಭತ್ತ ನಿಂತಿತು. ರೊಟ್ಟಿ ಬಡಿಯುತ್ತಿದ್ದ ಕೈಗಳು ಕುಕ್ಕರಿನ ಸೀಟಿ ಎಣಿಸತೊಡಗಿದವು. ಮನೆಬಿಟ್ಟ ಜೋಳ 2023ರ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷದ ಹೊತ್ತಿಗೆ ಫ್ಲೇಕ್ಸ್ ಎಂಬ ಹೆಸರಿನಲ್ಲಿ, ಬಣ್ಣದ ಡಬ್ಬಿಯೊಳಗೆ ಕುಳಿತು ಊರಿಗೆ ವಾಪಸಾಯಿತು. ಅಜ್ಜಿ ಡಬ್ಬಿ ತೆರೆದು ಮೂಸಿ, ‘ಇದು ದನಕ್ಕೇನು?’ ಎಂದು ಕೇಳಿದ್ದನ್ನು ಪ್ರಾಥಮಿಕ ಆಕರವೆಂದೇ ಪರಿಗಣಿಸಬೇಕು.

ಈಗ ಸಿದ್ಧಾಂತ. ಅದೇ 2023ರಲ್ಲಿ ಬಂದ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ ಪಿಸಿಓಡಿಗೆ (ವೈದ್ಯರ ಬಾಯಲ್ಲಿ ಪಿಸಿಓಎಸ್) ಇಂಥದ್ದೇ ಪಥ್ಯ ಶ್ರೇಷ್ಠವೆಂಬುದಕ್ಕೆ ಪುರಾವೆಯಿಲ್ಲ ಎಂದಿತು. ಹಿತವಾದ ಸಮತೋಲನದ ಊಟ, ಮೈ ದುಡಿಮೆ, ತೂಕ ಹಿಡಿದು ಹೀಯಾಳಿಸದಿರುವುದು, ಇವನ್ನು ಒತ್ತಿ ಹೇಳಿತು. ಪ್ರಸ್ತುತ ಶಾಸ್ತ್ರಕ್ಕೆ ಇದು ಕೊಡಲಿಪೆಟ್ಟು. ಎರಡು ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿಬೇಳೆ, ಚಿಟಿಕೆ ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಸಾಕೆಂದಾದರೆ ಪಂಥಗಳ ಗತಿಯೇನು? (ಆರು ರೊಟ್ಟಿ ತಿಂದು ಜೋಳದ ಮೇಲೆ ಭಾರ ಹಾಕುವವರಿಗೆ ಈ ಸಿದ್ಧಾಂತ ಅನ್ವಯಿಸದು.) ತೂಕ ಹೆಚ್ಚಿದ್ದವರಿಗೆ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಮುಟ್ಟು ಹಾದಿಗೆ ಬರುವುದುಂಟು. ಮೆಂತ್ಯೆ ನೀರನ್ನು ನಂಬಿ ಡಾಕ್ಟರು ಬರೆದ ಮಾತ್ರೆ ಬಿಡುವುದು ಮಾತ್ರ ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ.

ಮುಂದಿನ ಸಂಶೋಧನೆಗೆ ವಿಷಯ: ಹುಡುಗಿಯ ಅಣ್ಣ. ಪಿಸಿಓಎಸ್ ಇರುವವರ ಒಡಹುಟ್ಟಿದ ಗಂಡುಮಕ್ಕಳಲ್ಲೂ ಇನ್ಸುಲಿನ್ ಪ್ರತಿರೋಧ ಕಂಡುಬರುವುದುಂಟು. ಸದರಿ ಅಣ್ಣನ ಅಂಗಿಯ ಕೆಳಗಿನ ಗುಂಡಿ ಎಂದೋ ಕೈಬಿಟ್ಟಿದೆ. ಕುಬಸದಲ್ಲಿ ಆತ ಹೋಳಿಗೆ ಮುಗಿಸಿ ಮಿರ್ಚಿಗೆ ಕೈಹಾಕಿದಾಗ ದೊಡ್ಡವ್ವ ನೀಡಿದ ಪಥ್ಯೋಪದೇಶ ಅಕ್ಷರಶಃ ಹೀಗಿದೆ: ‘ಗಂಡಹುಡುಗ, ತಿನ್ಲಿ ಬಿಡ್ರಿ. ಇನ್ನೆರಡು ಹಾಕ್ರಿ ಅವನಿಗಿ.’