ಚನ್ನಗಿರಿಯಿಂದ ಮೇಷ್ಟ್ರು ಮತ್ತು ಮನೆಯವರು

ನಮ್ಮ ನಾಲ್ಕೂ ಜನರ ಹುಟ್ಟುಹಬ್ಬ ಜೂನ್ ಒಂದನೇ ತಾರೀಕು. ಇದರಲ್ಲಿ ಗ್ರಹಗತಿಯ ಕೈವಾಡ ಏನೂ ಇಲ್ಲ, ಎಲ್ಲ ಹೆಡ್‌ಮೇಷ್ಟ್ರುಗಳದ್ದೇ. ಹೆಗಲಿಗೆ ಟವೆಲ್ ಹಾಕಿದ ಅಪ್ಪ ಹುಡುಗನನ್ನು ಎಳೆದುಕೊಂಡು ಶಾಲೆಯ ಬಾಗಿಲಿಗೆ ಬಂದರೆ, ಮೇಷ್ಟ್ರು ಮೊದಲು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕಿದರೆ ಒಂದನೇ ಕ್ಲಾಸು, ಸಿಗದಿದ್ದರೆ ಬರುವ ವರ್ಷ. ಆಮೇಲೆ “ಹುಟ್ಟಿದ್ದು ಯಾವಾಗಪ್ಪ?” ಎಂದು ಕೇಳುವರು. ಅಪ್ಪ ತಲೆ ಕೆರೆದುಕೊಳ್ಳುವನು. ಮೇಷ್ಟ್ರು ಕಾಯುವವರಲ್ಲ. ಶಾಲೆ ಶುರುವಾಗುವ ತಿಂಗಳು ಜೂನ್, ಬರೆಯಲು ಸುಲಭದ ತಾರೀಕು ಒಂದು. ಹೀಗೆ ಹುಡುಗ ಎರಡನೇ ಸಲ ಹುಟ್ಟುತ್ತಿದ್ದ. ಮುಂದೆ ನಾನೂ ಮೇಷ್ಟ್ರಾದೆ. ಚನ್ನಗಿರಿ ತಾಲ್ಲೂಕಿನಲ್ಲಿ ನಾನು ಜೂನ್ ಒಂದಕ್ಕೆ ಹೆರಿಗೆ ಮಾಡಿಸಿದಷ್ಟು ಮಕ್ಕಳನ್ನು ಯಾವ ಸೂಲಗಿತ್ತಿಯೂ ಮಾಡಿಸಿರಲಾರಳು.

ನಿಜವಾದ ತಾರೀಕು ಹುಡುಕಲು ಹೊರಟು ನಮ್ಮಲ್ಲಿ ಯಾರೂ ಗೆದ್ದಿಲ್ಲ. “ಭದ್ರಾ ನಾಲೆಗೆ ಹೊಸದಾಗಿ ನೀರು ಬಿಟ್ಟಾಗ ನೀನು ಅಂಬೆಗಾಲು ಇಡ್ತಿದ್ದೆ” ಎನ್ನುತ್ತಿದ್ದಳು ನಮ್ಮವ್ವ. ಹೊನ್ನಾಳಿಯವರು ಹುಟ್ಟಿದ್ದು ಹೊಳೆ ಬಂದ ವರ್ಷ. ತುಂಗಭದ್ರೆ ಹೊನ್ನಾಳಿಗೆ ಬಾರದ ವರ್ಷ ಯಾವುದು? ಜಗಳೂರಿನವರು ಹುಟ್ಟಿದ್ದು ಬರಗಾಲದ ವರ್ಷ. ಜಗಳೂರಿನ ಮಟ್ಟಿಗೆ ಇದು ಇನ್ನೂ ಕೆಲಸಕ್ಕೆ ಬಾರದ ಗುರುತು. ನ್ಯಾಮತಿಯವರ ತಾಯಿ ಮಾತ್ರ “ಬುಧವಾರ, ದೀಪ ಹಚ್ಚೋ ಹೊತ್ತು” ಎಂದು ಕರಾರುವಾಕ್ಕಾಗಿ ಹೇಳುತ್ತಿದ್ದರು. ಯಾವ ವರ್ಷ ಎಂದು ಕೇಳಿದರೆ, “ಬುಧವಾರ ಅಂತ ಹೇಳಿದ್ನಲ್ಲ!” ಎಂದು ರೇಗುತ್ತಿದ್ದರು.

ನಾವು ನಾಲ್ವರು ಒಂದೇ ಊರಿನವರಲ್ಲ, ನೆಂಟರಲ್ಲ, ಜೊತೆಗೆ ಓದಿದವರೂ ಅಲ್ಲ. ನಮ್ಮನ್ನು ಕೂಡಿಸಿದ್ದು ಭದ್ರಾವತಿ ಆಕಾಶವಾಣಿ. 1965ರಲ್ಲಿ ಶುರುವಾದ ಈ ನಿಲಯದ 675 ಕಿಲೋಹರ್ಟ್ಸ್ ಮೇಲೆ ಮುಳ್ಳು ನಿಲ್ಲಿಸಿ, ಕೋರಿಕೆಯ ಚಿತ್ರಗೀತೆಗೆ ಕಿವಿ ಕೊಡುವುದೇ ನಮ್ಮ ಹವ್ಯಾಸ. ಹಾಡಿಗಿಂತ ಹೆಚ್ಚಾಗಿ ಹಾಡಿನ ಮೊದಲು ಓದುವ ಹೆಸರುಗಳಿಗೆ. ಆಗಿನ 15 ಪೈಸೆಯ ಕಾರ್ಡಿನಲ್ಲಿ ನಮ್ಮ ಹೆಸರು, ಹೆಂಡತಿ, ಮಕ್ಕಳು, ಅವ್ವ, ಅಪ್ಪ, ಅಜ್ಜಿ, ಓಣಿಯ ಗೆಳೆಯರು ಎಲ್ಲರನ್ನೂ ತುಂಬಿ ಡಬ್ಬಿಗೆ ಹಾಕಿ, ದಿನಗಟ್ಟಲೆ ಕಾಯುವುದು. ಜಗಳೂರಿನವರ ಪಟ್ಟಿ ಎಲ್ಲರದಕ್ಕಿಂತ ಉದ್ದ. ಆ ಮನೆಯಲ್ಲಿ ಮಕ್ಕಳೆಷ್ಟು ಎಂಬ ಲೆಕ್ಕ ನಮಗೆ ಬಹಳ ದಿನ ಹತ್ತಲಿಲ್ಲ. ಹೋಗಿ ನೋಡಿದರೆ ಪಟ್ಟಿಯ ಕೊನೆಯ ರಾಮ, ಭೀಮ ಇಬ್ಬರೂ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದರು.

ಮುಖ ನೋಡುವ ಎಷ್ಟೋ ವರ್ಷ ಮೊದಲೇ ಒಬ್ಬರ ಮನೆಮಂದಿಯ ಹೆಸರು ಇನ್ನೊಬ್ಬರಿಗೆ ಬಾಯಿಪಾಠ. ಇವತ್ತಿಗೂ ನಾವು ಪರಸ್ಪರ ಕರೆಯುವುದು ಊರಿನ ಹೆಸರಿನಿಂದ. “ಏನ್ರೀ ಹೊನ್ನಾಳಿ, ಶುಗರ್ ಹೆಂಗೈತೆ?” ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೂಗಿದರೆ ಪಕ್ಕದವರು ತಿರುಗಿ ನೋಡುತ್ತಾರೆ. ಹೊನ್ನಾಳಿ ಟೈಲರು. ನ್ಯಾಮತಿ ರೇಡಿಯೋ ರಿಪೇರಿಯವರು. ಆಮೇಲೆ ಕ್ಯಾಸೆಟ್ಟು, ಆಮೇಲೆ ಮೊಬೈಲ್ ರೀಚಾರ್ಜು, ಈಗ ಅಂಗಡಿಯ ಬಾಗಿಲಲ್ಲಿ ಸುಮ್ಮನೆ ಒಂದು ಕುರ್ಚಿ. ಜಗಳೂರು ಮೆಕ್ಕೆಜೋಳ, ಈರುಳ್ಳಿ ಬೆಳೆಯುವ ರೈತರು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ನಾವು ಮೂವರು ಶಿವಮೊಗ್ಗ ಜಿಲ್ಲೆಯವರು, ಜಗಳೂರು ಚಿತ್ರದುರ್ಗದ್ದು. ಸರ್ಕಾರ ನಮ್ಮನ್ನು ಒಂದೇ ಜಿಲ್ಲೆಗೆ ಸೇರಿಸಿದ ದಿನ “ಅಂತೂ ಅವರಿಗೂ ಗೊತ್ತಾಯ್ತು” ಅಂದರು ನ್ಯಾಮತಿ.

ಒಂದನೇ ತಾರೀಕು ಹುಟ್ಟಿದ ಸರ್ಕಾರಿ ನೌಕರ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತ. ಹಾಗಾಗಿ ಮೇ 31 ಬಂತೆಂದರೆ ನಮ್ಮ ಇಲಾಖೆಯಲ್ಲಿ ಹಾರಗಳಿಗೆ ಬರ. 2008ರಲ್ಲಿ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದರಿಂದ ನನಗೆ ಎರಡು ವರ್ಷ ಹೆಚ್ಚು ಸಿಕ್ಕಿತು. “ನಮಗ್ಯಾರು ಕೊಡ್ತಾರ್ರೀ ಅದನ್ನ?” ಎಂದು ಜಗಳೂರು ಇನ್ನೂ ಕೇಳುತ್ತಾರೆ. ವಯಸ್ಸಿನ ವಿಷಯದಲ್ಲಿ ನಾನು ನಂಬುವ ದಾಖಲೆ ಹೊನ್ನಾಳಿಯವರ ಅಳತೆ ಪುಸ್ತಕ. ನಮ್ಮೆಲ್ಲರ ಶರ್ಟು, ಪ್ಯಾಂಟು ಅಲ್ಲೇ. ಸೊಂಟ 28 ಇದ್ದದ್ದು 32, 36, 40 ಎಂದು ಏರಿ, ಈಚೆಗೆ ಮತ್ತೆ 34ಕ್ಕೆ ಇಳಿದಿದೆ. ಇಳಿದದ್ದು ನೋಡಿ ನಾನು ಹಿಗ್ಗಿದರೆ, ಅವರು ಟೇಪನ್ನು ಕೊರಳಿಗೆ ಹಾಕಿಕೊಂಡು, “ರಕ್ತ ಟೆಸ್ಟ್ ಮಾಡಿಸಿ ಮೇಷ್ಟ್ರೇ” ಎಂದರು.

ಪ್ರತಿ ಜೂನ್ ಒಂದಕ್ಕೆ ಒಬ್ಬೊಬ್ಬರ ಊರಿನಲ್ಲಿ ಸೇರುವುದು ರೂಢಿ. ಚನ್ನಗಿರಿಯ ಸರದಿಯಲ್ಲಿ ಮೊದಮೊದಲು ಕೋಟೆ ಹತ್ತಿ ರಂಗನಾಥಸ್ವಾಮಿಗೆ ಕೈಮುಗಿಯುತ್ತಿದ್ದೆವು. ಮಂಡಿಗಳು ತಕರಾರು ತೆಗೆದ ಮೇಲೆ ಕೆಳಗಿನಿಂದಲೇ ಮುಗಿಯುತ್ತೇವೆ, ದೇವರು ದೂರದೃಷ್ಟಿಯವನು. ಜಗಳೂರಿನ ಸರದಿಯಲ್ಲಿ ಒಮ್ಮೆ ರಂಗಯ್ಯನದುರ್ಗದ ಕಾಡಿಗೆ ಕೊಂಡುಕುರಿ ನೋಡಲು ಹೋದೆವು. ಗಂಡು ಕೊಂಡುಕುರಿಗೆ ನಾಲ್ಕು ಕೊಂಬು. ನಮಗೆ ನಾಲ್ಕು ಕನ್ನಡಕ. ಕಂಡದ್ದು ಒಂದು ಮೇಕೆ, ಅದೂ ಜಗಳೂರಿನವರ ಭಾವಮೈದುನನದು. ಒಂದು ವರ್ಷ ಹೊನ್ನಾಳಿಯವರ ಮೊಮ್ಮಕ್ಕಳು ಕೇಕು ತಂದರು. ಬೇಕರಿಯಲ್ಲಿ ಆರರ ಅಂಕಿಯ ಮೇಣದಬತ್ತಿ ಎರಡೇ ಸಿಕ್ಕವು. ಅವನ್ನು ತಲೆಕೆಳಗೆ ನೆಟ್ಟ ಪುಟ್ಟ ಹುಡುಗಿ ಒಂದೇ ಏಟಿಗೆ ನಮ್ಮೆಲ್ಲರಿಗೂ ತೊಂಬತ್ತೊಂಬತ್ತು ಮಾಡಿಬಿಟ್ಟಳು. ದೀಪ ಊದಿ ಆರಿಸಬೇಕು ಎಂದಾಗ ಜಗಳೂರು ಒಪ್ಪಲಿಲ್ಲ. ಫ್ಯಾನ್ ಹಾಕಿಸಿದರು.

ಹುಟ್ಟಿದ ದಿನಕ್ಕೆ ಇಷ್ಟು ಉಡಾಫೆಯ ನಮ್ಮ ಜನ ಸತ್ತ ದಿನದ ವಿಷಯದಲ್ಲಿ ಬಲು ಕಟ್ಟುನಿಟ್ಟು. ನಮ್ಮಪ್ಪ ಹುಟ್ಟಿದ ವರ್ಷ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೋದದ್ದು ಮಾತ್ರ ಮಾಸ, ಪಕ್ಷ, ತಿಥಿ ಸಮೇತ ನೆನಪು. ತಿಥಿ ತಪ್ಪಿದವರಿಗೂ ಮಹಾಲಯ ಅಮಾವಾಸ್ಯೆ ಉಂಟು. ಎಲ್ಲ ಹಿರಿಯರಿಗೂ ಸೇರಿಸಿ ಅಂದೇ ಎಡೆ. ಅದು ಹೋದವರ ಜೂನ್ ಒಂದು ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದುಂಟು, ಮನೆಯಲ್ಲಿ ಹೇಳಿಲ್ಲ.

ಈ ಸಲ ಜಗಳೂರಿನ ಸರದಿ. ಹೊಳೆಯ ನೀರು ಪೈಪಿನಲ್ಲಿ ಏರಿ ಆ ತಾಲ್ಲೂಕಿನ ಕೆರೆಗಳಿಗೆ ಬರುತ್ತಿರುವುದರಿಂದ ಹೊನ್ನಾಳಿಯವರಿಗೆ ಬಿಗುಮಾನ: “ಅದು ನಮ್ಮೂರ ಮುಂದೆ ಹಾದುಬಂದ ನೀರು ಕಣ್ರೀ.” ಮಂಡಕ್ಕಿ, ಮಿರ್ಚಿ ಬಂದವು. ಜಗಳೂರು ಅಂಗಿಯ ಜೇಬಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಇಟ್ಟರು. ವಾಟ್ಸಾಪಿನ ಕಾಲದಲ್ಲೂ ಅವರಿಗೆ ಕಾರ್ಡೇ ಆಗಬೇಕು. ಕೈ ನಡುಗುವುದರಿಂದ ಬರೆಯುವ ಕೆಲಸ ಮೇಷ್ಟ್ರದ್ದು. ‘ಎರಡು ಕನಸು’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್, ವಾಣಿ ಜಯರಾಂ ಹಾಡಿದ ಯುಗಳಗೀತೆ ಬೇಕಂತೆ. ಹೆಸರು ಹೇಳುತ್ತಾ ಹೋದರು. ತಮ್ಮದು. ಆಮೇಲೆ ಹೆಂಡತಿಯದು.

ಆಯಮ್ಮ ಹೋಗಿ ಮೂರು ವರ್ಷ. ನನ್ನ ಪೆನ್ನು ನಿಂತಿತು. ಹೊನ್ನಾಳಿ ಮಿರ್ಚಿಯನ್ನು ತಟ್ಟೆಯಲ್ಲಿಟ್ಟು, “ಹೋದವರ ಹೆಸರು ಓದಿಸೋದು ಸರಿ ಆಗುತ್ತೇನ್ರೀ?” ಎಂದು ಮೆಲ್ಲಗೆ ಕೇಳಿದರು. ಜಗಳೂರು ಮಾತಾಡಲಿಲ್ಲ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಬೇಕಾದಾಗ ಇನ್ನೂ ಸ್ವಲ್ಪ ಹೆಚ್ಚು.

ನ್ಯಾಮತಿ ಬೆರಳು ಮಡಚಿದರು. “ಬರೆದ ಉದಯಶಂಕರ್ ಹೋದದ್ದು 1993. ರಾಗ ಹಾಕಿದ ನಾಗೇಂದ್ರ 2000, ರಾಜನ್ 2020. ಪಿಬಿಎಸ್ 2013, ವಾಣಿ ಜಯರಾಂ 2023. ರಾಜ್‌ಕುಮಾರ್ 2006. ಕಲ್ಪನಾ, ಮಂಜುಳಾ ಎಂದೋ ಹೋದರು. ಹಾಡು ಮಾಡಿದೋರು ಒಬ್ರೂ ಇಲ್ದೆ ಹಾಡು ಬರುತ್ತೆ. ಕೇಳೋರಲ್ಲಿ ಒಬ್ರು ಇಲ್ದಿದ್ರೆ ನಿಮಗೇನ್ರೀ ತೊಂದ್ರೆ?”

ರಿಪೇರಿಯವರ ವಾದ, ತಂತಿ ಎಲ್ಲೂ ಸಡಿಲ ಇರಲಿಲ್ಲ. ಹೆಸರು ಬರೆದೆ. ಹೊನ್ನಾಳಿ ಮಿರ್ಚಿ ಮುಗಿಸಿ, ಕೈ ಒರೆಸಿಕೊಂಡು, “ಹಂಗಾದ್ರೆ ನಮ್ಮಣ್ಣಂದೂ ಹಾಕಿ” ಎಂದರು. ಮಷಿನ್ ತುಳಿಯುವುದನ್ನು ಅವರಿಗೆ ಕಲಿಸಿದ್ದು ಆ ಅಣ್ಣ. ನ್ಯಾಮತಿ ತಾಯಿಯ ಹೆಸರು ಹೇಳಿದರು, ಬುಧವಾರದ ತಾಯಿ. ಯಾರೂ ಕೇಳದಿದ್ದರೂ ಸಂದಿಯಲ್ಲಿ ನಮ್ಮಪ್ಪನದನ್ನೂ ನಮ್ಮವ್ವನದನ್ನೂ ಸೇರಿಸಿದೆ. ಒಂದು ಸಾಲು ಶುರುವಾದದ್ದು ಅಂಚಿಗೆ ಬಂತು, ಅಂಚಿನಿಂದ ಮೇಲಕ್ಕೆ ತಿರುಗಿತು. ಜಗಳೂರು ಕನ್ನಡಕ ಏರಿಸಿ ಕಾರ್ಡನ್ನು ಗುಂಡಗೆ ತಿರುಗಿಸುತ್ತಾ ಎಲ್ಲವನ್ನೂ ಓದಿದರು.

“ರಾಮ, ಭೀಮ ಬಿಟ್ಟೀರಿ.”

ಅವರನ್ನೂ ವಿಳಾಸದ ಗೆರೆಯ ಪಕ್ಕಕ್ಕೆ ಒತ್ತಿ ಕೂರಿಸಿದೆ. ನ್ಯಾಮತಿ ಕಾರ್ಡು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು, ಹಿಂದೆ ಮುಂದೆ ಮಾಡಿದರು.

“ಎಲ್ಲ ಸರಿ ಮೇಷ್ಟ್ರೇ, ಹಾಡು ಯಾವುದು ಅಂತ ಎಲ್ಲಿ ಬರ್ದಿದ್ದೀರಿ?”