ಮುಖ ಸ್ಪಷ್ಟ, ತಾಲ್ಲೂಕು ಮಸುಕು

ಮಧುಗಿರಿ ಕೋಟೆಯನ್ನು ಹೈದರಾಲಿ ಗೆದ್ದ, ಆದರೆ ಬೆಟ್ಟವನ್ನು ಮರೆಮಾಡಲು ಅವನ ಕೈಲೂ ಆಗಲಿಲ್ಲ. ಆ ಕೆಲಸವನ್ನು ಈಗ ನಮ್ಮ ಪ್ರೀ-ವೆಡ್ಡಿಂಗ್ ಫೋಟೊಗ್ರಾಫರುಗಳು ಮಾಡಿ ಮುಗಿಸಿದ್ದಾರೆ. ಹೊತ್ತು ಹುಟ್ಟುವ ಮುಂಚೆ ಜೋಡಿಯನ್ನು ಏದುಸಿರು ಬಿಡಿಸಿ ಬಂಡೆ ಹತ್ತಿಸುತ್ತಾರೆ, ಕೋಟೆ ಬಾಗಿಲಲ್ಲಿ ನಿಲ್ಲಿಸುತ್ತಾರೆ, ಆಮೇಲೆ ಕಂಪ್ಯೂಟರಿನ ಮುಂದೆ ಕೂತು ‘ಬ್ಲರ್’ ಒತ್ತುತ್ತಾರೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರದ ಏಕಶಿಲೆ ರಾಗಿ ಅಂಬಲಿಯಾಗುತ್ತದೆ. ಇದಕ್ಕೆ ಹಿತ್ತಲಿನ ಗೋಡೆಯೇ ಸಾಕಾಗಿತ್ತು, ಮೊಣಕಾಲಾದರೂ ಉಳಿಯುತ್ತಿತ್ತು.

ಹಿಂದೆ ಶಿರಾದಂಥ ಊರಿನ ಸ್ಟುಡಿಯೊದಲ್ಲಿ ಊಟಿ ಹೂದೋಟ ಬರೆದ ಪರದೆ ಇರುತ್ತಿತ್ತು. ಸುಳ್ಳೇ ಇರಲಿ, ನೋಡಲು ಏನೋ ಒಂದು ಇತ್ತು. 2016ರಲ್ಲಿ ಐಫೋನ್ 7 ಪ್ಲಸ್ಸು ಪೋರ್ಟ್ರೇಟ್ ಮೋಡ್ ತಂದಿತು. ಅಲ್ಲಿಂದಾಚೆಗೆ ಜೇಬಿನಲ್ಲಿ ಫೋನಿದ್ದವರೆಲ್ಲ ತಮ್ಮ ಹಿಂದಿನ ಲೋಕವನ್ನು ಕರಗಿಸಬಲ್ಲರು.

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಬನ್ನಿ. ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕಲ್ಲು ಹೊಡೆಯದೆ, ಮರ ಕಡಿಯದೆ ಕಾಪಾಡಿದವರು ಊರ ಜನ. ಬೆಂಗಳೂರಿನಿಂದ ಮೊಳದುದ್ದ ಲೆನ್ಸು ಬರುತ್ತದೆ. ಚಿತ್ರದಲ್ಲಿ ಹಕ್ಕಿಯ ಒಂದೊಂದು ಗರಿಯೂ ಎಣಿಸುವಂತಿರುತ್ತದೆ, ಮೂಲೆಯಲ್ಲಿ ಫೋಟೊಗ್ರಾಫರನ ಹೆಸರೂ ಅಷ್ಟೇ ನಿಚ್ಚಳ. ಕಾಯ್ದವರ ಮನೆ, ಮಾಡು, ಮಂದಿ ಮಾತ್ರ ಹಸಿರು ಮಂಜು. ನೋಡಿದವರು ‘ಯಾವ ಕಾಡು ಸಾರ್?’ ಅನ್ನುತ್ತಾರೆ.

ಈ ಮಸುಕಿನ ಗುಟ್ಟು ಬಹಳ ಸರಳ. ಜರ್ಮನಿಯ ಗಣಿತಜ್ಞ ಗಾಸ್‌ನ ಹೆಸರಿನ ಬ್ಲರ್‌ನಲ್ಲಿ ಪ್ರತಿ ಚುಕ್ಕಿಯ ಬಣ್ಣವನ್ನೂ ಅಕ್ಕಪಕ್ಕದ ಚುಕ್ಕಿಗಳ ಜೊತೆ ಬೆರೆಸುತ್ತಾರೆ: ಹತ್ತಿರದವರಿಗೆ ಹೆಚ್ಚು ತೂಕ, ದೂರದವರಿಗೆ ಕಡಿಮೆ. ನಮ್ಮಲ್ಲಿ ಕಾಮಗಾರಿ ಹಂಚುವವರು ಗಾಸ್‌ನನ್ನು ಓದದೆಯೇ ಇದನ್ನು ಕರಗತ ಮಾಡಿಕೊಂಡಿದ್ದಾರೆ. ಕೆರೆ ಹೂಳೆತ್ತುವ ಪೂಜೆಯ ಫೋಟೊ ನೋಡಿ. ಗುದ್ದಲಿ ಸ್ಪಷ್ಟ, ಗುದ್ದಲಿ ಹಿಡಿದ ಉಂಗುರದ ಬೆರಳು ಸ್ಪಷ್ಟ, ಕೆರೆ ಬ್ಲರ್. ಯಾವ ಕೆರೆಯೆಂದು ಗೊತ್ತಾಗದ್ದರಿಂದ ಮುಂದಿನ ವರ್ಷಕ್ಕೂ ಅದೇ ಫೋಟೊ ನಡೆಯುತ್ತದೆ.

ಕೊರಟಗೆರೆಗೆ ಸಾಫ್ಟ್‌ವೇರೇ ಬೇಡ. ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಅದಕ್ಕೆಂದು ಕಟ್ಟಬೇಕಿದ್ದ ಬೈರಗೊಂಡ್ಲು ಜಲಾಶಯ ಅಂದಿನಿಂದ ಕಡತದೊಳಗೇ ಮಸುಕಾಗುತ್ತ ಬಂತು. ಮುಳುಗುವ ನೆಲ ಒಂದೇ, ಆದರೆ ದೊಡ್ಡಬಳ್ಳಾಪುರದ ಕಡೆಗೊಂದು ಪರಿಹಾರ, ಕೊರಟಗೆರೆ ಕಡೆಗೊಂದು ಪರಿಹಾರ ಎಂದು ರೈತರು ತಕರಾರು ತೆಗೆದರು. ಫೋಟೊಶಾಪಿನಲ್ಲಿ ಕೂದಲಿನ ಅಂಚು ಕತ್ತರಿಸುವಾಗಲೂ ಹೀಗೆಯೇ, ಗೆರೆ ಎಲ್ಲಿ ಬೀಳುತ್ತದೋ ಅಲ್ಲಿ ಯಾರದೋ ಕಿವಿ ಹೋಗುತ್ತದೆ.

ಪಾವಗಡದಲ್ಲಿ ಮಾತ್ರ ಕಷ್ಟ. 2018ರಲ್ಲಿ ಉದ್ಘಾಟನೆಯಾದ ಸೋಲಾರ್ ಪಾರ್ಕು 13,000 ಎಕರೆ, 2,050 ಮೆಗಾವ್ಯಾಟ್. ಎಷ್ಟು ಬ್ಲರ್ ಹೊಡೆದರೂ ನೀಲಿ ಉಳಿಯುತ್ತದೆ. ಅದನ್ನು ಮುಚ್ಚುವವರೂ ಇಲ್ಲ ಬಿಡಿ, ಅದರ ಫೋಟೊ ದೆಹಲಿವರೆಗೂ ಹೋಗುತ್ತದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಪಡೆದ ಭೂಮಾಲೀಕ ಫ್ರೇಮಿನಲ್ಲಿದ್ದಾನೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವಳಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಅವಳು ಡೆಪ್ತ್ ಲೆಕ್ಕದಲ್ಲಿ ಹಿಂದಕ್ಕೆ ಹೋದಳು.

ಪಾವಗಡದ ಇನ್ನೊಂದು ತೊಂದರೆ ಹಿಂದುಗಡೆ ಇಲ್ಲ, ಮುಖದ ನಡುಮಧ್ಯದಲ್ಲೇ ಇದೆ. ಅನೇಕ ಕೊಳವೆಬಾವಿಗಳ ನೀರಿನ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಎಂದೋ ದಾಟಿದೆ. ಎಳೆ ವಯಸ್ಸಿನಲ್ಲಿ ಆ ನೀರು ಕುಡಿದವರ ಹಲ್ಲಿನ ಮೇಲೆ ಕಂದು ಕಲೆ ಕೂತಿದೆ. ಕ್ಯಾಮೆರಾ ಹುಡುಕಿಕೊಂಡು ಹೋಗಿ ಫೋಕಸ್ ಮಾಡುವುದೇ ಆ ನಗುವಿಗೆ. ಅದಕ್ಕೂ ಬೇರೆ ಬ್ರಷ್ ಇದೆ. ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಜನರನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೊ ಫ್ಲೆಕ್ಸ್ ಅಂಗಡಿಗೆ ಬಂದರೆ, ಜೊತೆಗೆ ಬರುವ ಅಪ್ಪಣೆ ಇಷ್ಟೇ:

‘ಎಲ್ರ ಹಲ್ಲೂ ಬೆಳ್ಳಗ್ ಮಾಡಣ್ಣ. ಹಿಂದ್ಗಡೆ ಬಾಗ್ಲಿಗೆ ಬೀಗ ಕಾಣುಸ್ತೈತೆ, ಅದುಕ್ಕೆ ಬ್ಲರ್ ಹೊಡಿ.’