ಚೌಕದೊಳಗಿನ ಒತ್ತಕ್ಷರ: ಮೇಡ್ಲೇರಿ ಫಾಂಟ್ ಮೀಮಾಂಸೆ

ಯಾವ ಶಾಸ್ತ್ರಗ್ರಂಥವೇ ಆಗಲಿ, ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ಹೇಳಿ ಮುಂದುವರಿಯಬೇಕು. ಈ ಪ್ರಬಂಧಕ್ಕೆ ಅಧಿಕಾರಿ, ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಲ್ಲಿ ಪಡಸಾಲೆಯ ಮೂಲೆಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರಿನ ನೌಕರಿ ಮಾಡುವ ತರುಣ. ವಿಷಯ, ಅವನ ಕಪ್ಪು ಪರದೆಗೆ, ಎಂದರೆ ಟರ್ಮಿನಲ್ ಎಮ್ಯುಲೇಟರಿಗೆ, ತಕ್ಕ ಫಾಂಟ್. ಸಂಬಂಧ, ಅವನಿಗೂ ಫಾಂಟಿಗೂ ನಡೆಯುತ್ತಿರುವ ಜಗಳ. ಪ್ರಯೋಜನದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮನೆಯವರಲ್ಲಿ ಮಾತ್ರ ಇದೆ. 'ಇದರಿಂದ ಪಗಾರ ಏನ್ ಹೆಚ್ಚಾಗಂಗಿಲ್ಲ' ಎಂಬುದೇ ಆ ಒಮ್ಮತ.

ಒಂದು: ಚೌಕದ ಉತ್ಪತ್ತಿ

ಟರ್ಮಿನಲ್ ಎಮ್ಯುಲೇಟರ್ ಹಳೆಯ ಯಂತ್ರವೊಂದರ ವೇಷ ಹಾಕಿದ ತಂತ್ರಾಂಶ. ಅಣಕಿನ ಬಗ್ಗೆ ಅಣಕು ಪ್ರಬಂಧ ಬರೆಯುವುದರಲ್ಲಿ ದೋಷವಿಲ್ಲ. 1978ರಲ್ಲಿ ಬಂದ ವಿಟಿ100 ಎಂಬ ಟರ್ಮಿನಲ್ಲಿನ ಪರದೆಯಲ್ಲಿ 24 ಸಾಲು, ಸಾಲಿಗೆ 80 ಮನೆ. ಈ 80 ಎಲ್ಲಿಂದ ಬಂತೆಂದು ಹುಡುಕಿದರೆ 1928ರಲ್ಲಿ ಐಬಿಎಂ ಹೊರತಂದ, 80 ಕಂಬಸಾಲುಗಳಿದ್ದ ರಂಧ್ರಪತ್ರ ಸಿಗುತ್ತದೆ. ರಟ್ಟಿಗೆ ತೂತು ಹೊಡೆಯುತ್ತಿದ್ದ ಆ ಪದ್ಧತಿಯ ಋಣವನ್ನು ಮೇಡ್ಲೇರಿಯ ತರುಣ ಇಂದಿಗೂ ತೀರಿಸುತ್ತಿದ್ದಾನೆ. ನಿಯಮ ಸರಳ: ಒಂದು ಅಕ್ಷರಕ್ಕೆ ಒಂದು ಮನೆ, ಎಲ್ಲ ಮನೆಗೂ ಒಂದೇ ಅಗಲ. ಇಂಗ್ಲಿಷಿನ ಐಗೂ ಡಬ್ಲ್ಯುಗೂ ಸಮಪಾಲು.

ಎರಡು: ಡಬ್ಬಿ–ಕಡ್ಡಿ ಭೇದ

ಸಮಾನ ಅಗಲದ ಫಾಂಟುಗಳನ್ನು ಪಾಶ್ಚಾತ್ಯರು ನಾನಾ ರೀತಿ ವಿಂಗಡಿಸಿದ್ದಾರೆ. ಹಾವೇರಿ ಜಿಲ್ಲೆಗೆ ಅವು ಬೇಕಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂಬ ಎರಡು ಜಾತಿ ಉಂಟು. ಮೊದಲನೆಯದು ದುಂಡು, ಎರಡನೆಯದು ಸಪೂರ. ಈ ನ್ಯಾಯದಿಂದ ಡೇಜಾವು ಸಾನ್ಸ್ ಮೊನೊ ಡಬ್ಬಿ, ಐಯೊಸೆವ್ಕಾ ಕಡ್ಡಿ. 1950ರ ದಶಕದ ನಡುಭಾಗದಲ್ಲಿ ಹೊವಾರ್ಡ್ ಕೆಟ್ಲರ್ ಬೆರಳಚ್ಚು ಯಂತ್ರಕ್ಕೆಂದು ರೂಪಿಸಿದ ಕೊರಿಯರ್‌ನ ಸಂತಾನವಾದ ಕೊರಿಯರ್ ನ್ಯೂಗೆ ಮೈ ಡಬ್ಬಿಯದು, ಗೆರೆ ಕಡ್ಡಿಯದು. ಸಂಕರಜಾತಿಯೆಂದು ಅದನ್ನು ಬದಿಗಿಟ್ಟಿದ್ದೇವೆ.

ಇವುಗಳ ಗುಣಪರೀಕ್ಷೆಗೆ ಸೂತ್ರವೊಂದೇ: ಸೊನ್ನೆಯೂ ಇಂಗ್ಲಿಷಿನ ಓ ಅಕ್ಷರವೂ ಬೇರೆಬೇರೆಯಾಗಿ ಕಾಣಬೇಕು, ಒಂದು, ಸಣ್ಣ ಎಲ್, ದೊಡ್ಡ ಐ ಮೂರೂ ಒಂದೇ ಕಡ್ಡಿಯಂತೆ ನಿಲ್ಲಬಾರದು. ತರುಣನು ಡಬ್ಬಿಯನ್ನೂ ಕಡ್ಡಿಯನ್ನೂ ಬದಲಿಸಿ ಬದಲಿಸಿ ನೋಡಿ, ಕೊನೆಗೆ ಒಂದನ್ನು ಆರಿಸಿ, 'ಮೆಣಸಿನಕಾಯಿ ಲೆಕ್ಕ' ಎಂಬ ಕಡತವನ್ನು ತೆರೆದ. ಆಗ ತಿಳಿದ ಸತ್ಯವಿದು: ಈ ಮೂರರಲ್ಲಿ ಒಂದರಲ್ಲೂ ಕನ್ನಡವೇ ಇಲ್ಲ. ಕನ್ನಡ ಬಂದ ಕಡೆ ಕಂಪ್ಯೂಟರು ಸದ್ದಿಲ್ಲದೆ ಬೇರೊಂದು ಫಾಂಟನ್ನು ಎರವಲು ತರುತ್ತದೆ. ಆದ್ದರಿಂದ ಅಷ್ಟು ಹೊತ್ತಿನ ಆಯ್ಕೆಯೆಲ್ಲ ಇಂಗ್ಲಿಷಿನ ಸೇವೆಯಾಯಿತು.

ಮೂರು: ನದೀಪಕ್ಷ, ಪಕ್ಷಿಪಕ್ಷ, ಪುಷ್ಪಪಕ್ಷ

ಎರವಲು ಯಾರಿಂದ ಎಂಬಲ್ಲಿ ಮೂರು ಪಂಥಗಳಿವೆ. ಮೊದಲನೆಯದು ನದೀಪಕ್ಷ. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ಮನೆಮನೆಗೆ ಬಂದ ಮೈಕ್ರೋಸಾಫ್ಟಿನ ತುಂಗಾ ಫಾಂಟೇ ಸಾಕು ಎನ್ನುತ್ತದೆ. ಇದಕ್ಕೆ ಭೂಗೋಳದ ಆಕ್ಷೇಪವಿದೆ. ತುಂಗೆ ಕೂಡಲಿಯಲ್ಲಿಯೇ ಭದ್ರೆಯನ್ನು ಸೇರಿಬಿಡುತ್ತಾಳೆ. ರಾಣೆಬೆನ್ನೂರು ತಾಲ್ಲೂಕಿನ ಅಂಚಿಗೆ ಬರುವುದು ತುಂಗಭದ್ರೆ. ಭದ್ರಾ ಇಲ್ಲದ ಬರಿಯ ತುಂಗಾ ಮೇಡ್ಲೇರಿಗೆ ಅಸಾಧು. ಎರಡನೆಯದು ಗುಬ್ಬಿ, ನವಿಲು ಫಾಂಟುಗಳ ಪಕ್ಷಿಪಕ್ಷ. ಮೂರನೆಯದು ಕೇದಗೆ, ಮಲ್ಲಿಗೆಗಳ ಪುಷ್ಪಪಕ್ಷ. ಕೃಷ್ಣಮೃಗಗಳಿಗೆ ಅಭಯಾರಣ್ಯ ಕೊಟ್ಟ ತಾಲ್ಲೂಕಿನಲ್ಲಿ ಮೃಗಪಕ್ಷ ಇನ್ನೂ ಹುಟ್ಟದಿರುವುದು ಸಂಶೋಧಕರಿಗೆ ಸೇರಿದ ಕೊರತೆ.

ಪಂಥ ಯಾವುದೇ ಇರಲಿ, ಪರೀಕ್ಷೆ ತಪ್ಪಿದ್ದಲ್ಲ. ದ, ಧ, ಥ ಒಂದು ಸೀಳಿನಿಂದ, ಒಂದು ಚುಕ್ಕೆಯಿಂದ ಬೇರೆಯಾಗುವ ಅಕ್ಷರಗಳು. ಗಾತ್ರ ಕಿರಿದಾದರೆ ಮೂರೂ ಒಂದೇ ಮನೆತನ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಇರುವ ಭೇದವನ್ನು ಕಂಪ್ಯೂಟರು ಬಲ್ಲದು, ಕಣ್ಣು ಅರಿಯದು.

ನಾಲ್ಕು: ಊರ ಹೆಸರೇ ಪ್ರಮಾಣ

ಮಹಾನಗರದ ವಿದ್ವಾಂಸರು ಫಾಂಟ್ ಪರೀಕ್ಷೆಗೆ ಉದ್ದುದ್ದ ವಾಕ್ಯ ಕಟ್ಟುತ್ತಾರೆ. 'ಮೇಡ್ಲೇರಿ' ಎಂಬ ಒಂದೇ ಶಬ್ದ ಸಾಕೆಂಬುದು ಈ ಪ್ರಬಂಧದ ಮುಖ್ಯ ಶೋಧ. ಓದುವವನಿಗೆ ಅಲ್ಲಿ 3 ಅಕ್ಷರ: ಮೇ, ಡ್ಲೇ, ರಿ. ಯೂನಿಕೋಡ್ ಕಡತದಲ್ಲಿ 8 ಸಂಕೇತ: ಮ, ಏತ್ವ, ಡ, ವಿರಾಮ, ಲ, ಏತ್ವ, ರ, ಗುಡಿಸು. ಇನ್ನು ಟರ್ಮಿನಲ್ಲಿಗೆ ಎಷ್ಟು ಮನೆ? ಮಾರ್ಕಸ್ ಕೂನ್ ಬರೆದ, ಬಹುಕಾಲ ಟರ್ಮಿನಲ್ಲುಗಳು ನಂಬಿದ ಡಬ್ಲ್ಯುಸಿವಿಡ್ತ್ ಎಂಬ ಅಗಲದ ಲೆಕ್ಕ ವಿರಾಮಕ್ಕೂ ಗುಡಿಸಿಗೂ ಮನೆ ಕೊಡುವುದಿಲ್ಲ, ಏತ್ವಕ್ಕೆ ಕೊಡುತ್ತದೆ. ಕೂಡಿದರೆ 6. ಹೀಗೆ ಒಂದೇ ಊರು ಬಾಯಲ್ಲಿ 3, ಕಡತದಲ್ಲಿ 8, ಪರದೆಯಲ್ಲಿ 6. ಅಕ್ಷರ ಜೋಡಿಸುವ ಜಾಣ್ಮೆಯಿಲ್ಲದ ಟರ್ಮಿನಲ್ಲಿನಲ್ಲಿ ಡ ತನ್ನ ವಿರಾಮವನ್ನು ತಲೆಯ ಮೇಲೆ ಹೊತ್ತು ಒಂದು ಮನೆಯಲ್ಲಿ, ಲ ಪಕ್ಕದ ಮನೆಯಲ್ಲಿ, ಏತ್ವ ಅದರಾಚೆ. ಜಾಣ್ಮೆಯಿದ್ದಲ್ಲಿ ಶಬ್ದವೇನೋ ಕೂಡಿಕೊಳ್ಳುತ್ತದೆ, ಆದರೆ ಕರ್ಸರು ದೂರದಲ್ಲಿ ಒಂಟಿಯಾಗಿ ಮಿನುಗುತ್ತದೆ.

ಐದು: ಆಕ್ಷೇಪ, ಸಮಾಧಾನ

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಶಬ್ದಪ್ರಮಾಣವನ್ನು ಪೂರ್ವಪಕ್ಷಿ ಎತ್ತಬಹುದು. ಕನ್ನಡವೇ ಮೈ ಹಿಡಿ ಮಾಡಿಕೊಂಡು ಒಂದೊಂದು ಮನೆಯಲ್ಲಿ ಕೂರಲಿ ಎಂಬುದು ಅವನ ಮತ. ಈ ಪ್ರಶ್ನೆಯನ್ನು ಊರ ಕಟ್ಟೆಯ ಮೇಲೆ ಇಟ್ಟಾಗ ಹೆಗಲ ಕಂಬಳಿ ಸರಿಮಾಡಿಕೊಂಡು ಹಿರಿಯರೊಬ್ಬರು ಕೊಟ್ಟ ತೀರ್ಪು ಇದು: 'ಹಾಸಿಗಿ ಸಣ್ಣದಾದ್ರ ಕಾಲು ಮಡಚಬೇಕು, ಖರೆ ಐತಿ ತಮ್ಮಾ. ಕಾಲು ಕಡಕೊಂಡು ಮಲಗು ಅಂತ ಯಾವ ಗಾದಿಯೊಳಗೂ ಹೇಳಿಲ್ಲ.'

ಇತಿಹಾಸವೂ ಹಿರಿಯರ ಕಡೆಗಿದೆ. ಕೆ. ಅನಂತಸುಬ್ಬರಾಯರು ಕೀಲಿಮಣೆ ರೂಪಿಸಿದ ಕನ್ನಡ ಬೆರಳಚ್ಚು ಯಂತ್ರದ ಗಾಡಿಯೂ ಸಮಹೆಜ್ಜೆಯದೇ. ಅಲ್ಲಿ ಕೆಲವು ಕೀಲಿಗಳು ಗಾಡಿಯನ್ನು ಸರಿಸದೆಯೇ ಗುರುತು ಮೂಡಿಸುತ್ತಿದ್ದವು. ಯಂತ್ರವೇ ಕನ್ನಡಕ್ಕೆ ಬಗ್ಗಿತ್ತು. ಕಾನ್ಪುರ ಐಐಟಿಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡ್ ಹಾಕಿದರೆ ಡಾಸ್‌ನ ಕಪ್ಪು ಪರದೆಯಲ್ಲೂ ಭಾರತೀಯ ಲಿಪಿಗಳು ಕೂಡಿಕೊಂಡು ಕಾಣುತ್ತಿದ್ದವು. ಆಗ ಆದದ್ದು ಈಗ ಅಸಾಧ್ಯವೆಂದರೆ ಯಾವ ಮೀಮಾಂಸಕನೂ ಒಪ್ಪಲಾರ.

ಆರು: ಸಿದ್ಧಾಂತ

ಇಂಗ್ಲಿಷಿಗೆ ಡಬ್ಬಿಯೋ ಕಡ್ಡಿಯೋ, ಸೊನ್ನೆ ಸ್ಪಷ್ಟವಿರುವ ಯಾವುದಾದರೂ ಸಾಧು. ಕನ್ನಡಕ್ಕೆ ದ, ಧ, ಥ ಬಿಡಿಸಿ ತೋರಿಸುವ ಫಾಂಟನ್ನು ಎರವಲಿಗೆ ನೀವೇ ಗೊತ್ತುಮಾಡಿ. ಆ ಕೆಲಸವನ್ನು ಕಂಪ್ಯೂಟರಿಗೆ ಬಿಡಬೇಡಿ. ಗಾತ್ರ ಹಿಗ್ಗಿಸಿ, ಸಾಲುಗಳ ನಡುವಿನ ಅಂತರವನ್ನೂ ಹಿಗ್ಗಿಸಿ, ಇಲ್ಲವಾದರೆ ಒತ್ತಕ್ಷರದ ಕಾಲನ್ನು ಕೆಳಗಿನ ಸಾಲು ಕಡಿಯುತ್ತದೆ. ಎಂಎಲ್‌ಟರ್ಮ್‌ನಂತೆ ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟ ಟರ್ಮಿನಲ್ ಬಳಸಿ. ಇಷ್ಟಾದ ಮೇಲೂ ಕನ್ನಡ ಚೆದುರಿದರೆ ಫಾಂಟ್ ಮಾಡಿದವರನ್ನು ಬೈಯಬೇಡಿ. ತಪ್ಪು ಅಕ್ಷರದ್ದಲ್ಲ, ಚೌಕದ್ದು. ಟರ್ಮಿನಲ್ ಬರೆಯುವ ನಮ್ಮ ಹುಡುಗರು ಸಂಕೇತಗಳನ್ನು ಎಣಿಸುವುದು ಬಿಟ್ಟು ಅಕ್ಷರಗಳನ್ನು ಎಣಿಸಲಿ. ಫಾಂಟಿನ ಚರ್ಚೆ ಅಲ್ಲಿಯವರೆಗೂ ಮುಂದುವರಿಯಲಿ. ಪಗಾರ ಹೇಗೂ ಹೆಚ್ಚಾಗುವುದಿಲ್ಲ.